ತುಮಕೂರು ಜಿಲ್ಲೆಯ ಕ್ಷಯ ಸಮೀಕ್ಷೆ: ವೈದ್ಯಚಿತ್ರಗಳ ಚರಿತ್ರೆಯಲ್ಲಿ ಒಂದು ಅಧ್ಯಾಯ

ತುಮಕೂರು ನಗರದ ಬಸ್ ನಿಲ್ದಾಣದಲ್ಲಿ ಬೆಳಗಿನ ಹೊತ್ತು ಇಳಿಯುವ ಜನರಲ್ಲಿ ಉದ್ದನೆಯ ಲಕೋಟೆಯೊಂದನ್ನು ಕಂಕುಳಲ್ಲಿ ಇರುಕಿಕೊಂಡವರು ನಾಲ್ಕಾರು ಮಂದಿಯಾದರೂ ಕಣ್ಣಿಗೆ ಬೀಳುತ್ತಾರೆ. ಅವರು ಇಪ್ಪತ್ತು ಕಿಲೋಮೀಟರು ದೂರದ ಗುಬ್ಬಿಯವರಿರಬಹುದು. ಅದರ ಇಮ್ಮಡಿಯಷ್ಟು ದೂರದ ಕುಣಿಗಲಿನವರಿರಬಹುದು. ಲಕೋಟೆಯಲ್ಲಿರುವುದು ಎದೆಯದೋ ಮಂಡಿಯದೋ ತಲೆಯದೋ ಒಂದು ಚಿತ್ರ. ‘ಎಕ್ಸ್‌ರೇ ತೆಗೆಸಿದೆವು’, ‘ಸ್ಕ್ಯಾನಿಂಗ್ ಮಾಡಿಸಿದೆವು’ ಎಂಬ ಮಾತುಗಳು ಇಂದು ಹಳ್ಳಿಯ ಮುದುಕಿಯ ಬಾಯಲ್ಲಿಯೂ ಸಲೀಸಾಗಿ ಬರುತ್ತವೆ. ವೈದ್ಯರು ಕೈ ಹಿಡಿದು ನಾಡಿ ನೋಡಿದರೆಂಬ ಮಾತಿಗೆ ಹಿಂದೆ ಯಾವ ತೂಕವಿತ್ತೋ ಆ ತೂಕ ಈಗ ಈ ಚಿತ್ರಗಳಿಗೆ ಬಂದಿದೆ.

ಈ ತೂಕ ಹೇಗೆ ಬಂದಿತು, ಅದು ಎಷ್ಟರಮಟ್ಟಿಗೆ ನ್ಯಾಯವಾದುದು ಎಂಬುದು ಚರಿತ್ರೆಯ ವಿದ್ಯಾರ್ಥಿಗೂ ಸಂಬಂಧಿಸಿದ ಪ್ರಶ್ನೆ. ದೇಹದ ಒಳಗನ್ನು ಕಾಣಿಸುವ ಯಂತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಜರ್ಮನಿ, ಇಂಗ್ಲೆಂಡು, ಅಮೆರಿಕಗಳ ಪ್ರಯೋಗಶಾಲೆಗಳ ಸಂಗತಿಯನ್ನೇ ಹೇಳುತ್ತಾರೆ. ಆದರೆ ಆ ಚರಿತ್ರೆಯ ಒಂದು ಮುಖ್ಯವಾದ ಅಧ್ಯಾಯ ೧೯೬೦-೬೧ರಲ್ಲಿ ನಮ್ಮ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿಯೇ ನಡೆಯಿತು. ಅದನ್ನು ಜ್ಞಾಪಿಸಿಕೊಳ್ಳುವುದೂ, ಅದರಿಂದ ದೊರೆತ ಅಳತೆಗೋಲಿನಿಂದ ಇಂದಿನ ಹೊಸ ಯಂತ್ರಗಳನ್ನು ಅಳೆದು ನೋಡುವುದೂ ಪ್ರಕೃತ ಲೇಖನದ ಉದ್ದೇಶ.

೧

ವುರ್ಟ್ಸ್‌ಬುರ್ಗ್ ವಿಶ್ವವಿದ್ಯಾನಿಲಯದ ಭೌತವಿಜ್ಞಾನಿ ವಿಲ್‌ಹೆಲ್ಮ್ ರಾಂಟ್‌ಗೆನ್ ಅವರು ೧೮೯೫ರ ನವೆಂಬರ್ ೮ರಂದು ಹೊಸದೊಂದು ಕಿರಣವನ್ನು ಕಂಡರು. ಅದರ ಸ್ವರೂಪ ತಿಳಿಯದುದರಿಂದ ಅದಕ್ಕೆ ಗಣಿತದ ಅಜ್ಞಾತ ರಾಶಿಯ ಹೆಸರನ್ನಿಟ್ಟರು. ನಮ್ಮಲ್ಲಿ ಅದು ಕ್ಷ-ಕಿರಣವೆನಿಸಿತು. ಆ ವರ್ಷ ಮುಗಿಯುವ ಮೊದಲೇ ಅವರು ತಮ್ಮ ಪತ್ನಿಯ ಕೈಯ ಮೂಳೆಗಳ ಚಿತ್ರವನ್ನು ತೆಗೆದಿದ್ದರು. ೧೮೯೭-೯೮ರಲ್ಲಿ, ಅಂದರೆ ಎರಡೇ ವರ್ಷಗಳಲ್ಲಿ, ಭಾರತದ ವಾಯವ್ಯ ಗಡಿಯ ತೀರಾಹ್ ದಂಡಯಾತ್ರೆಯಲ್ಲಿ ಗಾಯಗೊಂಡ ಸೈನಿಕರ ದೇಹದಲ್ಲಿ ಹುದುಗಿದ್ದ ಗುಂಡುಗಳನ್ನು ಹುಡುಕಲು ಈ ಯಂತ್ರವನ್ನು ಬಳಸಲಾಯಿತು.

ಕಿರಣವು ಇಷ್ಟು ಬೇಗ ಭಾರತಕ್ಕೆ ಬಂದರೂ ಹಳ್ಳಿಗೆ ಬರಲು ಅರವತ್ತು ವರ್ಷಗಳು ಹಿಡಿದುವು. ಇದಕ್ಕೆ ಕಾರಣಗಳು ಸ್ಪಷ್ಟವಾಗಿವೆ. ಯಂತ್ರಕ್ಕೆ ವಿದ್ಯುಚ್ಛಕ್ತಿ ಬೇಕು. ಮೈಸೂರು ಸಂಸ್ಥಾನದಲ್ಲಿ ಶಿವನಸಮುದ್ರದ ವಿದ್ಯುತ್ತು ೧೯೦೨ರಲ್ಲಿ ಮೊದಲು ಹರಿದುದು ಕೋಲಾರದ ಚಿನ್ನದ ಗಣಿಗಳಿಗೆ, ಬೆಂಗಳೂರಿನ ಬೀದಿಗಳಿಗೆ ಅದು ತಲಪಿದುದು ೧೯೦೫ರಲ್ಲಿ. ಫಿಲ್ಮು ವಿದೇಶದಿಂದ ಬರಬೇಕು, ಅದನ್ನು ತೊಳೆಯಲು ಕತ್ತಲೆಯ ಕೋಣೆ ಬೇಕು, ತೊಳೆದ ಮೇಲೆ ಓದಬಲ್ಲ ವೈದ್ಯರು ಬೇಕು. ೧೯೦೦ರಲ್ಲಿ ತೆರೆದ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ, ೧೯೨೪ರ ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆ ಮೊದಲಾದ ದೊಡ್ಡ ಆಸ್ಪತ್ರೆಗಳ ಬಾಗಿಲಿಗೆ ರೋಗಿಯೇ ಹೋಗಬೇಕಾಗಿತ್ತು. ಬಡ ರೈತನಿಗೆ ಆ ಪ್ರಯಾಣ ಸುಲಭವಾಗಿರಲಿಲ್ಲ.

ಯಂತ್ರವು ಜನರ ಬಳಿಗೆ ಹೋಗುವಂತೆ ಮಾಡಿದ ಉಪಾಯ ಬ್ರಜಿಲಿನಿಂದ ಬಂದಿತು. ಅಲ್ಲಿಯ ವೈದ್ಯ ಮನುಯೆಲ್ ದ ಅಬ್ರೆಯು ಅವರು ೧೯೩೬ರಲ್ಲಿ, ಎದೆಯನ್ನು ಹಾದು ಬಂದ ಕಿರಣವು ಹೊಳೆಯುವ ಪರದೆಯ ಮೇಲೆ ಮೂಡಿಸುವ ಛಾಯೆಯನ್ನು ಕ್ಯಾಮರಾದಿಂದ ಚಿಕ್ಕ ಫಿಲ್ಮಿನ ಮೇಲೆ ಹಿಡಿಯುವ ಕ್ರಮವನ್ನು ಆಚರಣೆಗೆ ತಂದರು. ದೊಡ್ಡ ಹಾಳೆಯ ಬದಲು ಚಲನಚಿತ್ರದ ಸುರುಳಿಯಂಥ ಚಿಕ್ಕ ಸುರುಳಿ ಸಾಕಾಯಿತು. ಒಂದು ಚಿತ್ರದ ವೆಚ್ಚ ಬಹಳ ಇಳಿಯಿತು. ಸಾಲಾಗಿ ನಿಂತ ಜನರನ್ನು ಒಬ್ಬರಾದ ಮೇಲೊಬ್ಬರಂತೆ ಬೇಗ ಬೇಗ ಪರೀಕ್ಷಿಸುವುದು ಸಾಧ್ಯವಾಯಿತು. ಯಂತ್ರವನ್ನೂ ವಿದ್ಯುಜ್ಜನಕವನ್ನೂ ಒಂದು ವಾಹನದಲ್ಲಿರಿಸಿದರೆ ವಿದ್ಯುತ್ತಿಲ್ಲದ ಊರಿಗೂ ಅದನ್ನು ಒಯ್ಯಬಹುದಾಗಿತ್ತು. ಈ ಕ್ರಮವು ಮುಖ್ಯವಾಗಿ ಉಪಯೋಗಕ್ಕೆ ಬಂದುದು ಕ್ಷಯರೋಗವನ್ನು ಹುಡುಕುವ ಕಾರ್ಯದಲ್ಲಿ.

೨

ಭಾರತದಲ್ಲಿ ಕ್ಷಯವು ನಗರದ ರೋಗ, ಗಿರಣಿಗಳ ಹೊಗೆಯಲ್ಲಿಯೂ ಇಕ್ಕಟ್ಟಾದ ವಠಾರಗಳಲ್ಲಿಯೂ ಬೆಳೆಯುವ ರೋಗ, ಹಳ್ಳಿಯ ಗಾಳಿ ಬೆಳಕುಗಳಲ್ಲಿ ಅದು ಅಪರೂಪ ಎಂಬ ನಂಬಿಕೆ ಬಹುಕಾಲ ಇತ್ತು. ಭಾರತೀಯ ವೈದ್ಯ ಸಂಶೋಧನ ಮಂಡಲಿಯು ೧೯೫೫ರಿಂದ ೧೯೫೮ರವರೆಗೆ ನಡೆಸಿದ ರಾಷ್ಟ್ರೀಯ ಮಾದರಿ ಸಮೀಕ್ಷೆ ಈ ನಂಬಿಕೆಯನ್ನು ಅಲ್ಲಗಳೆಯಿತು. ಸಂಚಾರಿ ಕ್ಷ-ಕಿರಣ ಯಂತ್ರಗಳು ನಗರಗಳಿಗೂ ಪಟ್ಟಣಗಳಿಗೂ ಹಳ್ಳಿಗಳಿಗೂ ಹೋದುವು. ಪರೀಕ್ಷೆಗೆ ಒಳಗಾದ ಸಾವಿರ ಜನರಲ್ಲಿ ೧೩ರಿಂದ ೨೫ ಮಂದಿಯ ಎದೆಯ ಚಿತ್ರದಲ್ಲಿ ಕ್ಷಯವೆಂದು ಶಂಕಿಸಬಹುದಾದ ಛಾಯೆಗಳು ಕಂಡುವು. ೨ರಿಂದ ೮ ಮಂದಿಯ ಕಫದಲ್ಲಿ ರೋಗಕ್ರಿಮಿಗಳೇ ಸಿಕ್ಕಿದುವು. ನಗರಕ್ಕೂ ಹಳ್ಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ದೇಶದ ಜನರಲ್ಲಿ ನೂರಕ್ಕೆ ೮೦ಕ್ಕೂ ಹೆಚ್ಚು ಮಂದಿ ಆಗ ಹಳ್ಳಿಗಳಲ್ಲಿದ್ದುದರಿಂದ ರೋಗಿಗಳಲ್ಲಿಯೂ ಹೆಚ್ಚಿನವರು ಹಳ್ಳಿಗರೇ ಆಗಿದ್ದರೆಂಬುದು ಇದರಿಂದ ಸಿದ್ಧವಾಯಿತು.

ಇದೇ ಕಾಲದಲ್ಲಿ ಚಿಕಿತ್ಸೆಯ ಕ್ರಮವೂ ಬದಲಾಗುತ್ತಿದ್ದಿತು. ೧೯೪೪ರಲ್ಲಿ ಸ್ಟ್ರೆಪ್ಟೊಮೈಸಿನ್, ೧೯೫೨ರಲ್ಲಿ ಐಸೊನಿಯಾಜಿಡ್ ಬಳಕೆಗೆ ಬಂದು ಕ್ಷಯವು ಗುಣವಾಗುವ ರೋಗವಾಗಿತ್ತು. ೧೯೫೬ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಕ್ಷಯ ಚಿಕಿತ್ಸಾ ಸಂಶೋಧನ ಕೇಂದ್ರದ ಅಧ್ಯಯನ ೧೯೫೯ರಲ್ಲಿ ಪ್ರಕಟವಾಗಿ, ಮನೆಯಲ್ಲಿಯೇ ಇದ್ದು ಔಷಧ ಸೇವಿಸಿದ ರೋಗಿಗಳು ಆರೋಗ್ಯಧಾಮದಲ್ಲಿದ್ದವರಂತೆಯೇ ಗುಣ ಹೊಂದುತ್ತಾರೆಂದು ತೋರಿಸಿತು. ಹಾಗಾದರೆ ಲಕ್ಷಾಂತರ ಹಳ್ಳಿಗಳಲ್ಲಿ ಚದುರಿರುವ ರೋಗಿಗಳನ್ನು ಗುರುತಿಸುವುದು ಹೇಗೆ ಎಂಬುದೇ ಉಳಿದ ಪ್ರಶ್ನೆ. ಇದಕ್ಕೆ ಉತ್ತರ ಕಂಡುಕೊಳ್ಳಲೆಂದು ಬೆಂಗಳೂರಿನಲ್ಲಿ ೧೯೫೯ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪಿತವಾಯಿತು. ೧೯೬೦ರ ಸೆಪ್ಟೆಂಬರ್ ೧೬ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅವರು ಅದರ ಪ್ರಾರಂಭೋತ್ಸವವನ್ನು ನೆರವೇರಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರೂ ಭಾರತೀಯ ವೈದ್ಯರೂ ಸಂಖ್ಯಾಶಾಸ್ತ್ರಜ್ಞರೂ ಸಮಾಜಶಾಸ್ತ್ರದ ಅಭ್ಯಾಸಿಗಳೂ ಅಲ್ಲಿ ಒಂದೇ ಸೂರಿನಡಿ ಕೆಲಸಮಾಡಿದರು. ಆ ಸಂಸ್ಥೆ ತನ್ನ ಮೊದಲ ದೊಡ್ಡ ಕ್ಷೇತ್ರಕಾರ್ಯಕ್ಕೆ ಆರಿಸಿಕೊಂಡುದು ನೆರೆಯ ತುಮಕೂರು ಜಿಲ್ಲೆಯನ್ನು.

೩

ಆಗ ತುಮಕೂರು ಜಿಲ್ಲೆಯಲ್ಲಿ ತುಮಕೂರು, ಗುಬ್ಬಿ, ಕುಣಿಗಲು, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಎಂಬ ಹತ್ತು ತಾಲ್ಲೂಕುಗಳು. ಜನಸಂಖ್ಯೆ ಹದಿಮೂರೂವರೆ ಲಕ್ಷವನ್ನು ದಾಟಿತ್ತು. ಗುಬ್ಬಿಯಂಥ ರೈಲುದಾರಿಯ ಊರೂ, ದೊಡ್ಡ ಕೆರೆಯ ನೀರಾವರಿಯ ಕುಣಿಗಲೂ, ಮಳೆಯನ್ನೇ ನೆಚ್ಚಿದ ಪಾವಗಡವೂ ಒಂದೇ ಜಿಲ್ಲೆಯಲ್ಲಿ ಸೇರಿದ್ದುವು. ದಕ್ಷಿಣ ಭಾರತದ ಗ್ರಾಮಜೀವನದ ನಾನಾ ಬಗೆಗಳನ್ನು ಒಂದೆಡೆ ನೋಡಲು ಅನುಕೂಲವಾದ ಪ್ರದೇಶವೆಂದು ಇದನ್ನು ಹೇಳಬಹುದು.

ಸಮೀಕ್ಷೆಯ ಕ್ರಮ ಹೀಗಿತ್ತು. ಜಿಲ್ಲೆಯ ಹಳ್ಳಿಗಳಲ್ಲಿಯೂ ಪಟ್ಟಣಗಳ ಭಾಗಗಳಲ್ಲಿಯೂ ಕೆಲವನ್ನು, ಯಾರ ಇಷ್ಟಾನಿಷ್ಟಗಳೂ ಸೋಂಕದಂತೆ, ಚೀಟಿ ಎತ್ತಿದಂತೆ ಆರಿಸಿಕೊಂಡರು. ಮನೆಮನೆಗೂ ಹೋಗಿ ಜನಗಣತಿ ಮಾಡಿದರು. ಟ್ಯೂಬರ್‌ಕ್ಯುಲಿನ್ ಸೂಜಿಮದ್ದನ್ನು ಚರ್ಮದಲ್ಲಿ ಚುಚ್ಚಿ, ಕೆಲವು ದಿನಗಳ ಮೇಲೆ ಮರಳಿ ಬಂದು ಚರ್ಮದ ಗಡಸನ್ನು ಅಳೆದು, ಯಾರಿಗೆ ಸೋಂಕು ತಗಲಿದೆಯೆಂಬುದನ್ನು ಗುರುತಿಸಿದರು. ಕ್ಷ-ಕಿರಣ ಯಂತ್ರದಿಂದ ಎದೆಯ ಚಿಕ್ಕ ಚಿತ್ರಗಳನ್ನು ತೆಗೆದರು. ಶಂಕೆಗೆ ಆಸ್ಪದವಿದ್ದವರಿಂದ ಕಫವನ್ನು ಸಂಗ್ರಹಿಸಿ ಬೆಂಗಳೂರಿನ ಪ್ರಯೋಗಶಾಲೆಯಲ್ಲಿ ಸೂಕ್ಷ್ಮದರ್ಶಕದಿಂದ ನೋಡಿದರು. ಕ್ರಿಮಿಗಳನ್ನು ಬೆಳೆಸಿಯೂ ಪರೀಕ್ಷಿಸಿದರು. ಕ್ಷಯದ ಕ್ರಿಮಿ ಮೆಲ್ಲಗೆ ಬೆಳೆಯುವಂಥದು; ಈ ಕೊನೆಯ ಪರೀಕ್ಷೆಗೆ ವಾರಗಳೇ ಹಿಡಿಯುತ್ತವೆ.

ಈ ಕಾರ್ಯದ ಫಲವನ್ನು ರಾಜ್ ನಾರಾಯಣ್ ಅವರೂ ಅವರ ಸಹೋದ್ಯೋಗಿಗಳೂ ೧೯೬೩ರಲ್ಲಿ ಪ್ರಕಟಿಸಿದರು. ಸಾವಿರಕ್ಕೆ ಸುಮಾರು ೪ ಮಂದಿಯ ಕಫದಲ್ಲಿ ರೋಗಕ್ರಿಮಿಗಳಿದ್ದುವು. ಚಿತ್ರದ ಮೇಲೆ ಮಾತ್ರ ರೋಗಿಗಳೆನಿಸಿದವರ ಸಂಖ್ಯೆ ಇದರ ಹಲವು ಪಟ್ಟು. ಇಲ್ಲಿ ವಾಚಕರು ಗಮನಿಸಬೇಕಾದ ಅಂಶವೊಂದಿದೆ. ಎದೆಯ ಚಿತ್ರದಲ್ಲಿ ಕಾಣುವ ಛಾಯೆ ಕ್ಷಯದ್ದಾಗಿರಬಹುದು, ಹಿಂದೆಂದೋ ಬಂದು ಮಾಯ್ದ ರೋಗದ ಕಲೆಯಾಗಿರಬಹುದು, ಬೇರೊಂದು ರೋಗದ್ದೂ ಆಗಿರಬಹುದು. ಒಂದೇ ಚಿತ್ರವನ್ನು ಇಬ್ಬರು ತಜ್ಞರು ಓದಿದಾಗ ಅವರಲ್ಲಿ ಅಭಿಪ್ರಾಯಭೇದ ಬರುವುದುಂಟು. ಒಬ್ಬ ತಜ್ಞನೇ ಅದನ್ನು ಎರಡು ಸಲ ಓದಿದಾಗಲೂ ಬರುವುದುಂಟು. ಶಾಸನವೊಂದರ ಸವೆದ ಅಕ್ಷರವನ್ನು ಇಬ್ಬರು ವಿದ್ವಾಂಸರು ಎರಡು ಬಗೆಯಾಗಿ ಓದುವುದನ್ನು ಬಲ್ಲ ನಮಗೆ ಇದು ಆಶ್ಚರ್ಯವೆನಿಸಬಾರದು. ಛಾಯೆಯೂ ಒಂದು ಬರಹವೇ. ಅದಕ್ಕೆ ಓದುವವನೊಬ್ಬನು ಬೇಕು, ಓದುವವನು ತಪ್ಪಲೂಬಹುದು.

೪

ಸಮೀಕ್ಷೆ ಇಲ್ಲಿಗೇ ನಿಂತಿದ್ದರೆ ಅದು ಅಂಕಿ ಅಂಶಗಳ ಒಂದು ಒಳ್ಳೆಯ ವರದಿಯಾಗಿ ಉಳಿಯುತ್ತಿತ್ತು. ಆದರೆ ಅದೇ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು ಇನ್ನೊಂದು ಪ್ರಶ್ನೆಯನ್ನು ಎತ್ತಿದರು. ಯಂತ್ರವು ಕಂಡುಹಿಡಿದ ಈ ರೋಗಿಗಳಿಗೆ ತಮ್ಮ ರೋಗದ ಅರಿವು ಮೊದಲೇ ಇದ್ದಿತೆ? ಇದ್ದರೆ ಅವರು ಏನು ಮಾಡಿದ್ದರು?

ಆ ಕಾಲದ ಅನೇಕ ವೈದ್ಯರ ಎಣಿಕೆ ಬೇರೆಯೇ ಆಗಿತ್ತು. ಹಳ್ಳಿಯ ಜನ ಅಜ್ಞಾನಿಗಳು, ಕೆಮ್ಮು ಜ್ವರಗಳನ್ನು ಲಕ್ಷಿಸುವವರಲ್ಲ, ದೇವರಿಗೆ ಹರಕೆ ಹೊತ್ತು ಮನೆಯಲ್ಲಿ ಕುಳಿತಿರುತ್ತಾರೆ, ಆದುದರಿಂದ ಯಂತ್ರವೇ ಮನೆಬಾಗಿಲಿಗೆ ಹೋಗಿ ಅವರನ್ನು ಹುಡುಕಿ ಹೊರತೆಗೆಯಬೇಕು ಎಂಬುದು ಆ ಎಣಿಕೆ. ಇದು ನಿಜವೆ ಎಂದು ತಿಳಿಯಲು ಸಂದರ್ಶಕರು ತುಮಕೂರು ಜಿಲ್ಲೆಯ ಸಮೀಕ್ಷೆ ನಡೆದ ಊರುಗಳಿಗೆ ಮತ್ತೆ ಹೋದರು. ಚಿತ್ರದಲ್ಲಿ ಶಂಕೆ ಕಂಡವರನ್ನೂ, ಅವರಿಗೆ ಹೋಲಿಕೆಯಾಗಿ ಶಂಕೆಯಿಲ್ಲದವರನ್ನೂ ಕಂಡು ಮಾತನಾಡಿಸಿದರು.

ದೊರೆತ ಉತ್ತರ ಎಲ್ಲರ ನಿರೀಕ್ಷೆಯನ್ನೂ ತಲೆಕೆಳಗು ಮಾಡಿತು. ಕಫದಲ್ಲಿ ಕ್ರಿಮಿಗಳಿದ್ದವರಲ್ಲಿ ನೂರಕ್ಕೆ ಸುಮಾರು ೯೫ ಮಂದಿಗೆ ತಮ್ಮ ದೇಹದಲ್ಲಿ ಏನೋ ಕೆಟ್ಟಿದೆಯೆಂಬ ಅರಿವಿತ್ತು. ಸುಮಾರು ೭೨ ಮಂದಿ ಅದಕ್ಕಾಗಿ ಚಿಂತೆಗೊಳಗಾಗಿದ್ದರು. ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಆಧುನಿಕ ವೈದ್ಯದ ಆಸ್ಪತ್ರೆ ಚಿಕಿತ್ಸಾಲಯಗಳಿಗೆ ತಾವಾಗಿಯೇ ಹೋಗಿ ಬಂದಿದ್ದರು. ಹೋದವರಿಗೆ ಅಲ್ಲಿ ಸಿಕ್ಕಿದುದೇನು? ಬಹುಮಟ್ಟಿಗೆ ಒಂದು ಸೀಸೆ ಕೆಮ್ಮಿನ ಔಷಧ. ಕಫವನ್ನು ಪರೀಕ್ಷಿಸಿದವರಿಲ್ಲ, ಕ್ಷಯವೆಂದು ಹೇಳಿದವರಿಲ್ಲ.

ಈ ಸಂಗತಿಯ ಅರ್ಥವನ್ನು ನಾವು ನಿಧಾನವಾಗಿ ಯೋಚಿಸಬೇಕು. ಸರ್ಕಾರದ ವಾಹನ ಬೆಂಗಳೂರಿನಿಂದ ದುಬಾರಿಯಾದ ಯಂತ್ರವನ್ನು ಹೊತ್ತು ಹುಡುಕಿಕೊಂಡು ಬಂದ ರೋಗಿ, ಅದಕ್ಕೂ ಮೊದಲೇ ಸರ್ಕಾರದ ಆಸ್ಪತ್ರೆಯ ಜಗಲಿಯ ಮೇಲೆ ಕುಳಿತು ಕೆಮ್ಮಿ ಎದ್ದುಹೋಗಿದ್ದನು. ಒಂದು ದಿನದ ಕೂಲಿಯನ್ನು ಬಿಟ್ಟು ಅಲ್ಲಿಗೆ ನಡೆದು ಬಂದಿದ್ದನು. ಅಲ್ಲಿ ಕೇಳುವವರಿರಲಿಲ್ಲ. ಅಜ್ಞಾನದ ಆರೋಪವನ್ನು ಹಳ್ಳಿಗನ ಮೇಲೆ ಹೊರಿಸಿದ್ದವರು ತಮ್ಮ ಕಡೆಯ ದೋಷವನ್ನು ಕಾಣಬೇಕಾಯಿತು. ಚಿತ್ರವು ರೋಗಿಯ ಎದೆಯಲ್ಲಿದ್ದುದನ್ನು ತೋರಿಸಿತು. ಸಂದರ್ಶಕರ ಪ್ರಶ್ನೆಯು ಆಸ್ಪತ್ರೆಯಲ್ಲಿ ಇಲ್ಲದುದನ್ನು ತೋರಿಸಿತು. ಎರಡು ಬೆಳಕುಗಳೂ ಒಂದೇ ಜಿಲ್ಲೆಯಲ್ಲಿ ಒಂದರ ಹಿಂದೆ ಒಂದು ಬಿದ್ದುದೇ ಈ ಅಧ್ಯಾಯದ ವಿಶೇಷ.

೫

ಇದರ ಪರಿಣಾಮ ತುಮಕೂರಿನ ಎಲ್ಲೆಯನ್ನು ದಾಟಿ ಹರಡಿತು. ೧೯೬೨ರಲ್ಲಿ ರೂಪುಗೊಂಡ ರಾಷ್ಟ್ರೀಯ ಕ್ಷಯ ಕಾರ್ಯಕ್ರಮವು ಊರೂರಿಗೆ ಯಂತ್ರವನ್ನು ಕಳಿಸುವ ಯೋಜನೆಯನ್ನು ಕೈಬಿಟ್ಟಿತು. ಕೆಮ್ಮೆಂದು ಆಸ್ಪತ್ರೆಗೆ ಬಂದವರ ಕಫವನ್ನು ಅಲ್ಲಿಯೇ ಪರೀಕ್ಷಿಸಬೇಕು, ಕ್ಷ-ಕಿರಣ ಯಂತ್ರ ಜಿಲ್ಲೆಯ ಕ್ಷಯ ಕೇಂದ್ರದಲ್ಲಿರಬೇಕು, ಔಷಧವು ರೋಗಿಯ ಮನೆಯ ಹತ್ತಿರ ದೊರೆಯಬೇಕು ಎಂಬುದು ಅದರ ಸಾರ. ಸೂಕ್ಷ್ಮದರ್ಶಕವು ಕನ್ನಡಿಯೊಂದರಿಂದ ಬಿಸಿಲನ್ನು ಹಿಡಿದು ಕೆಲಸಮಾಡಬಲ್ಲುದು. ವಿದ್ಯುತ್ತಿಲ್ಲದ ಊರಿಗೆ ಅದೇ ಸರಿಯಾದ ಉಪಕರಣವಾಗಿತ್ತು. ಆ ವರ್ಷಗಳಲ್ಲಿ ಬೆಂಗಳೂರಿನ ಸಂಸ್ಥೆಯೊಡನೆ ಕೆಲಸಮಾಡಿದ ಡೆನ್ಮಾರ್ಕಿನ ವೈದ್ಯ ಹಾಫ್‌ಡನ್ ಮಾಹ್ಲರ್ ಅವರು ಮುಂದೆ ೧೯೭೩ರಿಂದ ೧೯೮೮ರವರೆಗೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾಗಿದ್ದರು. ಜನರ ಮನೆಯ ಬಳಿ ದೊರೆಯುವ ಪ್ರಾಥಮಿಕ ಆರೋಗ್ಯರಕ್ಷಣೆಯೇ ಮೊದಲು ಎಂದು ಸಾರಿದ ೧೯೭೮ರ ಆಲ್ಮಾ-ಆಟಾ ಸಮ್ಮೇಲನ ನಡೆದುದು ಅವರ ಕಾಲದಲ್ಲಿಯೇ.

ಆದರೆ ಸರಿಯಾದ ತೀರ್ಮಾನವೊಂದೇ ಸಾಲದು ಎಂಬುದನ್ನೂ ಚರಿತ್ರೆ ತೋರಿಸುತ್ತದೆ. ಹನ್ನೆರಡು ವರ್ಷಗಳ ತರುವಾಯ, ೧೯೭೨-೭೩ರಲ್ಲಿ, ತುಮಕೂರು ಜಿಲ್ಲೆಯಲ್ಲಿ ಮತ್ತೊಮ್ಮೆ ಸಮೀಕ್ಷೆ ನಡೆಯಿತು. ರೋಗಿಗಳ ಪ್ರಮಾಣದಲ್ಲಿ ಗಣನೀಯವಾದ ಇಳಿತ ಕಾಣಲಿಲ್ಲ. ೧೯೯೨ರಲ್ಲಿ ರಾಷ್ಟ್ರದ ಕಾರ್ಯಕ್ರಮವನ್ನೇ ಪರಿಶೀಲಿಸಿದಾಗ ಹಣದ ಕೊರತೆ, ಔಷಧದ ಕೊರತೆ, ಚಿಕಿತ್ಸೆಯನ್ನು ನಡುವೆಯೇ ಬಿಟ್ಟವರ ಹೆಚ್ಚಳ ಇವು ಕಂಡುಬಂದುವು. ಅದರೊಡನೆ ಕಂಡ ಇನ್ನೊಂದು ದೋಷವೆಂದರೆ ಕಫಪರೀಕ್ಷೆಯನ್ನು ಅಲಕ್ಷಿಸಿ ಕ್ಷ-ಕಿರಣದ ಚಿತ್ರವನ್ನೇ ಅತಿಯಾಗಿ ನೆಚ್ಚಿದುದು. ಕಾಗದದ ಮೇಲೆ ಒಪ್ಪಿದ ಪಾಠವನ್ನು ಆಚರಣೆಯಲ್ಲಿ ಮೂವತ್ತು ವರ್ಷಗಳಲ್ಲಿ ಮರೆಯಲಾಗಿತ್ತು. ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಕಫದ ಡಬ್ಬಿಯನ್ನು ಹಿಡಿದು ಕೂಡುವ ಕೆಲಸಕ್ಕೆ ಗೌರವವಿಲ್ಲ; ಚಿತ್ರಕ್ಕೆ ಗೌರವವಿದೆ. ರೋಗಿಯೂ ಚಿತ್ರವನ್ನೇ ಕೇಳುತ್ತಾನೆ, ವೈದ್ಯನೂ ಚಿತ್ರವನ್ನೇ ಬರೆದುಕೊಡುತ್ತಾನೆ. ಅನಂತರ ಪರಿಷ್ಕೃತ ಕಾರ್ಯಕ್ರಮವು ೧೯೯೩ರಲ್ಲಿ ಪ್ರಾಯೋಗಿಕವಾಗಿಯೂ ೧೯೯೭ರಿಂದ ವಿಸ್ತಾರವಾಗಿಯೂ ಜಾರಿಗೆ ಬಂದು ಕಫಪರೀಕ್ಷೆಗೆ ಮತ್ತೆ ಮೊದಲ ಸ್ಥಾನ ದೊರೆಯಿತು.

೬

ಈ ಮಧ್ಯೆ ವೈದ್ಯಚಿತ್ರಗಳ ಲೋಕ ಬಹಳ ದೂರ ಸಾಗಿತ್ತು. ಗ್ಲಾಸ್ಗೋ ನಗರದ ಇಯಾನ್ ಡೊನಾಲ್ಡ್ ಅವರು ೧೯೫೮ರಲ್ಲಿ ಕಿವಿಗೆ ಕೇಳಿಸದ ಧ್ವನಿಯಿಂದ ಗರ್ಭದ ಒಳಗನ್ನು ಕಾಣುವ ಕ್ರಮವನ್ನು ಪ್ರಕಟಿಸಿದ್ದರು. ೧೯೭೧ರಲ್ಲಿ ಲಂಡನ್ನಿನಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರ ಯಂತ್ರವು ಕ್ಷ-ಕಿರಣವನ್ನು ಸುತ್ತಲೂ ತಿರುಗಿಸಿ, ಗಣಕಯಂತ್ರದ ಲೆಕ್ಕದಿಂದ ಮಿದುಳಿನ ಪದರ ಪದರವನ್ನು ತೋರಿಸಿತು, ಇದೇ ಸಿ.ಟಿ. ಸ್ಕ್ಯಾನ್. ೧೯೭೩ರಲ್ಲಿ ಪಾಲ್ ಲಾಟರ್‌ಬರ್ ಅವರು ಕಾಂತಕ್ಷೇತ್ರದ ನೆರವಿನಿಂದ ಚಿತ್ರ ಮೂಡಿಸುವ ಕ್ರಮವನ್ನು ತೋರಿಸಿದರು, ಇಂದಿನ ಎಂ.ಆರ್.ಐ. ಅದರಿಂದ ಬೆಳೆದುದು. ಈ ಯಂತ್ರಗಳು ಮೆಲ್ಲಮೆಲ್ಲನೆ ಮಹಾನಗರಗಳಿಂದ ಜಿಲ್ಲೆಯ ಊರುಗಳಿಗೂ ಇಳಿದು ಬಂದುವು. ೧೯೮೮ರಲ್ಲಿ ತುಮಕೂರಿನಲ್ಲಿ ಶ್ರೀ ಸಿದ್ಧಾರ್ಥ ವೈದ್ಯಕೀಯ ಕಾಲೇಜು ಸ್ಥಾಪಿತವಾದ ಮೇಲೆ ಚಿತ್ರವನ್ನು ಓದುವ ವಿದ್ಯೆಯನ್ನು ಈ ಊರಿನಲ್ಲಿಯೇ ಕಲಿಯುವುದು ಸಾಧ್ಯವಾಯಿತು.

ಚಿತ್ರವನ್ನು ಯಾವ ಪ್ರಶ್ನೆಗೆ ಉತ್ತರವಾಗಿ ಬಳಸುತ್ತಾರೆಂಬುದರ ಮೇಲೆ ಅದರ ಒಳಿತು ಕೆಡುಕುಗಳು ನಿಂತಿವೆ. ಗರ್ಭಿಣಿಯ ಪ್ರಾಣವನ್ನು ಉಳಿಸಲು ನೆರವಾದ ಧ್ವನಿಚಿತ್ರಣವನ್ನೇ ಹೆಣ್ಣುಭ್ರೂಣವನ್ನು ಗುರುತಿಸಿ ಕೊಲ್ಲಲೂ ಬಳಸಿದರು. ಇದನ್ನು ತಡೆಯಲು ೧೯೯೪ರಲ್ಲಿ ಕೇಂದ್ರ ಸರ್ಕಾರ ಕಾನೂನನ್ನೇ ಮಾಡಬೇಕಾಯಿತು. ೨೦೦೩ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಇನ್ನೊಂದು ಕಡೆ, ೨೦೦೨ರಲ್ಲಿ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯೂ ಬೆಂಗಳೂರಿನ ನಾರಾಯಣ ಹೃದಯಾಲಯದೊಡನೆ ಜೋಡಣೆಗೊಂಡುವು. ರೋಗಿಯು ಊರಿನಲ್ಲಿಯೇ ಉಳಿದು ಅವನ ಚಿತ್ರವಷ್ಟೇ ಪ್ರಯಾಣಮಾಡಿತು. ಯಂತ್ರವು ಹಳ್ಳಿಗೆ ಹೋಗಲು ಅರವತ್ತು ವರ್ಷ ಹಿಡಿದ ನಾಡಿನಲ್ಲಿ ಇದು ಸಣ್ಣ ಬದಲಾವಣೆಯಲ್ಲ.

೭

ಹೀಗಿರಲು ತುಮಕೂರಿನ ಪಾಠವೆಂದರೆ ಯಂತ್ರ ಬೇಡ ಎಂಬುದೇ ಎಂದು ಯಾರಾದರೂ ಕೇಳಬಹುದು. ಹಾಗೆ ಹೇಳುವುದು ಚರಿತ್ರೆಗೆ ಅನ್ಯಾಯ. ೨೦೧೯ರಿಂದ ೨೦೨೧ರವರೆಗೆ ಭಾರತದಲ್ಲಿ ಹೊಸ ರಾಷ್ಟ್ರೀಯ ಕ್ಷಯ ಸಮೀಕ್ಷೆ ನಡೆಯಿತು. ಫಿಲ್ಮು ತೊಳೆಯುವ ಕೆಲಸವಿಲ್ಲದ ಡಿಜಿಟಲ್ ಕ್ಷ-ಕಿರಣ ಯಂತ್ರಗಳನ್ನು ವಾಹನದಲ್ಲಿ ಒಯ್ದರು. ಎದೆಯ ಚಿತ್ರವನ್ನು ತೆಗೆಯದೆ ಕೆಮ್ಮು ಜ್ವರಗಳನ್ನು ಮಾತ್ರ ಕೇಳಿದ್ದರೆ ನೂರಕ್ಕೆ ೪೨ಕ್ಕೂ ಹೆಚ್ಚು ರೋಗಿಗಳು ಗುರುತಿಗೇ ಸಿಗುತ್ತಿರಲಿಲ್ಲವೆಂದು ಆ ಸಮೀಕ್ಷೆ ತೋರಿಸಿತು. ರೋಗವು ಮಾತನಾಡುವ ಮೊದಲೇ ಚಿತ್ರವು ಅದನ್ನು ಕಾಣಬಲ್ಲುದು. ೧೯೬೨ರ ತೀರ್ಮಾನವು ಆ ಕಾಲದ ಬಡತನಕ್ಕೆ, ಆ ಕಾಲದ ಯಂತ್ರಕ್ಕೆ ತಕ್ಕುದಾಗಿತ್ತು. ಅದು ಎಲ್ಲ ಕಾಲಕ್ಕೂ ವಿಧಿಯಲ್ಲ.

ಅದೇ ಹೊಸ ಸಮೀಕ್ಷೆ ಇನ್ನೊಂದು ಸಂಗತಿಯನ್ನೂ ಹೊರಗೆಡಹಿತು. ಕ್ಷಯದ ಲಕ್ಷಣಗಳಿದ್ದವರಲ್ಲಿ ನೂರಕ್ಕೆ ೬೪ ಮಂದಿ ಚಿಕಿತ್ಸೆಯನ್ನು ಅರಸಿ ಹೋಗಿರಲಿಲ್ಲ. ಅವರಲ್ಲಿ ಹೆಚ್ಚಿನವರು ಲಕ್ಷಣಗಳನ್ನು ಅಲಕ್ಷಿಸಿದ್ದರು. ೧೯೬೩ರ ಅಂಕಿಯನ್ನೂ ಇದನ್ನೂ ನೇರವಾಗಿ ತೂಗಲಾಗದು. ಅಲ್ಲಿ ಲೆಕ್ಕಕ್ಕೆ ಹಿಡಿದುದು ಕಫದಲ್ಲಿ ಕ್ರಿಮಿಗಳಿದ್ದ ರೋಗಿಗಳನ್ನು, ಇಲ್ಲಿ ಲಕ್ಷಣಗಳಿದ್ದ ಎಲ್ಲರನ್ನೂ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಎರಡು ಮೂರು ವಾರ ಕೆಮ್ಮಿದ ಮನುಷ್ಯ ಆಸ್ಪತ್ರೆಗೆ ಹೋಗದಿದ್ದರೆ ಅದು ಅವನ ಅಲಕ್ಷ್ಯವೇ, ಇಲ್ಲವೆ ಹಿಂದೆ ಹೋಗಿ ಸೀಸೆಯೊಂದನ್ನು ಹಿಡಿದು ಬಂದ ತಂದೆಯ ಅನುಭವವೇ? ಇದಕ್ಕೆ ಉತ್ತರವನ್ನು ಯಾವ ಕಿರಣವೂ ಕೊಡಲಾರದು. ಊರಿಗೆ ಹೋಗಿ ಕೇಳಿಯೇ ತಿಳಿಯಬೇಕು.

೨೦೨೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು, ೧೫ ವರ್ಷ ಮೀರಿದವರ ಎದೆಯ ಚಿತ್ರವನ್ನು ತಜ್ಞನ ಬದಲು ಗಣಕಯಂತ್ರವೇ ಓದಿ ಕ್ಷಯದ ಶಂಕೆಯನ್ನು ಸೂಚಿಸಬಹುದೆಂದು ಒಪ್ಪಿತು. ೨೦೨೪ರ ಡಿಸೆಂಬರ್ ೭ರಂದು ಆರಂಭವಾದ ನೂರು ದಿನಗಳ ರಾಷ್ಟ್ರೀಯ ಅಭಿಯಾನದಲ್ಲಿ ಕೈಯಲ್ಲಿ ಹಿಡಿಯಬಹುದಾದ, ಕೆಲವೇ ಕಿಲೋಗ್ರಾಂ ತೂಗುವ ಕ್ಷ-ಕಿರಣ ಯಂತ್ರಗಳನ್ನು ಬಳಸಲಾಯಿತು. ೧೯೬೦ರಲ್ಲಿ ವಾಹನದ ತುಂಬ ಇದ್ದ ಉಪಕರಣ ಇಂದು ಭುಜಕ್ಕೆ ಏರಿದೆ. ಇಬ್ಬರು ತಜ್ಞರ ಭಿನ್ನಾಭಿಪ್ರಾಯವಿದ್ದ ಎಡೆಯಲ್ಲಿ ಗಣಕಯಂತ್ರದ ಒಂದು ಅಂಕಿ ನಿಂತಿದೆ. ಆದರೆ ಆ ಅಂಕಿಯನ್ನು ಕಂಡ ಮೇಲೆ ಕಫವನ್ನು ಪರೀಕ್ಷಿಸುವವರು, ತಿಂಗಳುಗಟ್ಟಲೆ ಔಷಧ ಕೊಟ್ಟು ವಿಚಾರಿಸುವವರು ಇರಲೇಬೇಕು. ಈ ಭಾಗ ಮಾತ್ರ ಹಗುರವಾಗಿಲ್ಲ.

೮

ಚಿತ್ರವನ್ನು ಹೊರಗೆ ನಿಂತು ನೋಡುವುದರಿಂದ ಚಿತ್ರದ ಒಳಗೇ ಪ್ರವೇಶಿಸುವ ಮಟ್ಟಕ್ಕೆ ಇಂದು ವಿಜ್ಞಾನ ಬಂದಿದೆ. ಇದನ್ನು ವರ್ಚುಯಲ್ ರಿಯಾಲಿಟಿ ಎಂದು ಕರೆಯುತ್ತಾರೆ. ತೋರಿಕೆಯ ಲೋಕವೆಂದು ನಾವು ಹೇಳಬಹುದು. ಕಣ್ಣಿಗೆ ಕಟ್ಟಿಕೊಳ್ಳುವ ಸಾಧನವೊಂದು ಎರಡು ಕಣ್ಣುಗಳಿಗೂ ತುಸು ತುಸು ಬೇರೆಯಾದ ಚಿತ್ರಗಳನ್ನು ಒಡ್ಡುತ್ತದೆ. ತಲೆ ತಿರುಗಿದಂತೆ ಚಿತ್ರವೂ ತಿರುಗುತ್ತದೆ. ನೋಡುವವನಿಗೆ ತಾನು ಆ ಸ್ಥಳದಲ್ಲಿಯೇ ಇರುವಂತೆ ಭಾಸವಾಗುತ್ತದೆ. ಅಮೆರಿಕದ ಐವನ್ ಸದರ್‌ಲ್ಯಾಂಡ್ ಅವರು ೧೯೬೮ರಲ್ಲಿ ಇಂಥ ಸಾಧನವನ್ನು ಮೊದಲಿಗೆ ರೂಪಿಸಿ ತೋರಿಸಿದರು. ಸಿ.ಟಿ., ಎಂ.ಆರ್.ಐ. ಯಂತ್ರಗಳು ಕೊಡುವ ಪದರಗಳನ್ನು ಒಂದರ ಮೇಲೊಂದು ಪೇರಿಸಿ ರೋಗಿಯ ಹೃದಯವನ್ನೋ ಮಿದುಳನ್ನೋ ಆ ಲೋಕದಲ್ಲಿ ಕಟ್ಟಿ ನಿಲ್ಲಿಸಿದರೆ, ಶಸ್ತ್ರವೈದ್ಯನು ಕತ್ತಿ ಹಿಡಿಯುವ ಮೊದಲೇ ದಾರಿಯನ್ನು ನಡೆದು ನೋಡಬಹುದು.

ಗುಬ್ಬಿಯ ನಾಡಿನವರಿಗೆ ಈ ವಿಷಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ೧೮೮೪ರಲ್ಲಿ ಅಲ್ಲಿ ಹುಟ್ಟಿದ ನಾಟಕ ಮಂಡಲಿ ಗುಬ್ಬಿ ವೀರಣ್ಣನವರ ಕಾಲದಲ್ಲಿ ‘ಕುರುಕ್ಷೇತ್ರ’ ನಾಟಕಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತು. ನೋಡುವವರಿಗೆ ಅದು ನಾಟಕವೆಂದು ತಿಳಿದಿದ್ದರೂ ಎದೆ ಹೊಡೆದುಕೊಳ್ಳುತ್ತಿತ್ತು. ತೋರಿಕೆಯೆಂದು ಬಲ್ಲ ಮನಸ್ಸೂ ತೋರಿಕೆಗೆ ಮಣಿಯುತ್ತದೆ ಎಂಬ ಈ ಸ್ವಭಾವವನ್ನೇ ವೈದ್ಯರು ಉಪಯೋಗಿಸಿಕೊಂಡಿದ್ದಾರೆ. ೧೯೯೫ರಲ್ಲಿ ಅಮೆರಿಕದಲ್ಲಿ ಬಾರ್ಬರಾ ರಾತ್‌ಬಾಮ್ ಮತ್ತು ಅವರ ಸಂಗಡಿಗರು ಎತ್ತರವನ್ನು ಕಂಡು ಅಂಜುವವರನ್ನು ತೋರಿಕೆಯ ಎತ್ತರಕ್ಕೆ ಹತ್ತಿಸಿ ಅಂಜಿಕೆ ಇಳಿಯುವುದನ್ನು ತೋರಿಸಿದರು. ಸುಟ್ಟ ಗಾಯದ ಪಟ್ಟಿ ಬಿಚ್ಚುವಾಗ ರೋಗಿಗೆ ಹಿಮದ ಲೋಕವೊಂದನ್ನು ತೋರಿಸಿ ನೋವಿನಿಂದ ಮನಸ್ಸನ್ನು ಸೆಳೆಯುವ ಪ್ರಯೋಗಗಳು ಸಿಯಾಟಲ್ ನಗರದಲ್ಲಿ ನಡೆದುವು. ೨೦೦೨ರಲ್ಲಿ ಪ್ರಕಟವಾದ ಯೇಲ್ ವಿಶ್ವವಿದ್ಯಾನಿಲಯದ ಪರೀಕ್ಷೆಯೊಂದರಲ್ಲಿ, ತೋರಿಕೆಯ ಲೋಕದಲ್ಲಿ ಅಭ್ಯಾಸಮಾಡಿದ ಕಿರಿಯ ವೈದ್ಯರು ಪಿತ್ತಕೋಶದ ಶಸ್ತ್ರಕ್ರಿಯೆಯನ್ನು ಇತರರಿಗಿಂತ ಬೇಗನೆಯೂ ಕಡಮೆ ತಪ್ಪುಗಳಿಂದಲೂ ಮಾಡಿದರು. ರೋಗಿಯ ದೇಹದ ಮೇಲೆ ಕೈ ಪಳಗಿಸಿಕೊಳ್ಳುವುದು ತಪ್ಪಿದರೆ ಅದು ಬಡವರಿಗೆ ಆದ ದೊಡ್ಡ ಉಪಕಾರ; ಕಲಿಯುವವರ ಕೈಗೆ ಹೆಚ್ಚಾಗಿ ಸಿಕ್ಕುತ್ತಿದ್ದವರು ಧರ್ಮಾಸ್ಪತ್ರೆಯ ಬಡ ರೋಗಿಗಳೇ ತಾನೆ.

ನಮ್ಮ ಅಳತೆಗೋಲು ಇಲ್ಲಿಯೂ ಅನ್ವಯಿಸುತ್ತದೆ. ಯಂತ್ರವು ಎಷ್ಟನ್ನು ತೋರಿಸಿತು ಎಂಬುದು ಮೊದಲನೆಯ ಪ್ರಶ್ನೆ. ಕಂಡ ಮೇಲೆ ರೋಗಿಗೆ ಏನಾಯಿತು ಎಂಬುದು ಎರಡನೆಯದು. ಯಂತ್ರವನ್ನು ಮುಟ್ಟುವ ಮೊದಲೇ ರೋಗಿಯು ಎಲ್ಲಿಗೆ ಹೋಗಿದ್ದನು, ಅಲ್ಲಿ ಯಾರು ಅವನ ಮಾತನ್ನು ಕೇಳಿದರು ಎಂಬುದು ಮೂರನೆಯದು. ಈ ಮೂರನೆಯ ಪ್ರಶ್ನೆಯನ್ನು ಕೇಳಿದುದರಿಂದಲೇ ೧೯೬೩ರ ಆ ಅಧ್ಯಯನ ಜಗತ್ತಿನ ಸಾರ್ವಜನಿಕ ಆರೋಗ್ಯದ ಚರಿತ್ರೆಯಲ್ಲಿ ನಿಂತಿದೆ. ತೋರಿಕೆಯ ಲೋಕದಲ್ಲಿ ಪಿತ್ತಕೋಶವನ್ನು ಕೊಯ್ಯಲು ಕಲಿಸಬಹುದಾದರೆ, ಕೆಮ್ಮುತ್ತ ಎದುರಿಗೆ ಕುಳಿತ ಮುದುಕನನ್ನು ‘ಎಷ್ಟು ದಿನದಿಂದ, ಅಪ್ಪಾ?’ ಎಂದು ಕೇಳುವುದನ್ನೂ ಕಲಿಸಬಹುದಷ್ಟೆ. ಹಾಗೆ ಕಲಿಸುವ ಮನಸ್ಸು ಇದೆಯೇ ಎಂಬುದನ್ನು ನೋಡಬೇಕು.

ಕಡೆಯದಾಗಿ ನಮ್ಮ ವಿದ್ಯಾರ್ಥಿಗಳಿಗೆ ಒಂದು ಮಾತು. ೨೦೧೧ರ ಜನಗಣತಿಯಲ್ಲಿ ಈ ಜಿಲ್ಲೆಯ ಜನಸಂಖ್ಯೆ ೨೬ ಲಕ್ಷ ೭೮ ಸಾವಿರ. ೧೯೬೦ರಲ್ಲಿದ್ದುದರ ಸುಮಾರು ಇಮ್ಮಡಿ. ಊರಿಗೆ ಕ್ಷ-ಕಿರಣದ ವಾಹನ ಬಂದುದನ್ನು ಬಾಲ್ಯದಲ್ಲಿ ಕಂಡಿರಬಹುದಾದವರು ಈಗ ಎಪ್ಪತ್ತು ಎಂಬತ್ತು ವರ್ಷದ ಅಜ್ಜ ಅಜ್ಜಿಯರು. ಸಮೀಕ್ಷೆಯ ಅಂಕಿಗಳು ಅಚ್ಚಾಗಿ ಉಳಿದಿವೆ; ಸಾಲಿನಲ್ಲಿ ನಿಂತವರ ನೆನಪುಗಳು ಅಚ್ಚಾಗಿಲ್ಲ. ಗುಬ್ಬಿ ಕುಣಿಗಲುಗಳಿಂದ ನಮ್ಮ ತರಗತಿಗಳಿಗೆ ಬರುವ ವಿದ್ಯಾರ್ಥಿಗಳು ತಮ್ಮ ಊರಿನ ಹಿರಿಯರ ಬಳಿ ಕುಳಿತು ಈ ನೆನಪುಗಳನ್ನು ಬರೆದುಕೊಂಡರೆ ಅದು ಚರಿತ್ರೆಗೆ ಸಲ್ಲುವ ಸೇವೆ. ಸಂದರ್ಶಕರು ಅಂದು ಕೇಳಿದಂತೆಯೇ ಅವರೂ ಕೇಳಲಿ: ಆಗ ನಿಮಗೆ ಕೆಮ್ಮಿತ್ತೆ, ನೀವು ಎಲ್ಲಿಗೆ ಹೋದಿರಿ, ಅಲ್ಲಿ ಏನು ಕೊಟ್ಟರು?